ದೇವರಲ್ಲ ಎಂದು ಬರೆದುಕೊಟ್ಟದ್ದು

ದೇಶಕೇಸರಿ ನರಸಿಂಗರಾಯ ತೊರಗಲ್ಲರಿಗೆ ಸೀಟ್ ಬೆಲ್ಟ್ ಹಾಕಲೇಬೇಕಾಗಿ ಬಂತು. ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ ಸಂಗನಬಸಪ್ಪನ ಮನೆಯಿಂದ ಹೊರಟು ಅರ್ಧ ಮೈಲಿಯೂ ಆಗಿರಲಿಲ್ಲ, ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಪಕ್ಕದ ಸೀಟಿನಲ್ಲಿ ಯಾರೋ ತೂಕದ ಮನುಷ್ಯರು ಕೂತಿದ್ದಾರೆ, ಅವರಿಗೆ ತಮ್ಮ ಜೀವದ ಮೇಲೆ ಕಾಳಜಿಯಿಲ್ಲ ಎಂದು ಅದರ ತಿಳುವಳಿಕೆ. ಪದ್ಮನಾಭ ಒಂದು ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಗಾಡಿ ನಿಲ್ಲಿಸಿ, ಹಳೆಯ ಕಂಬಳಿ ಸುತ್ತಿದ್ದ ಪುತ್ಥಳಿಯ ಎದೆಯ ಮೇಲೆ ಪಟ್ಟಿ ಎಳೆದು ಕ್ಲಿಕ್ ಎನ್ನಿಸಿದ. ಲಾಠಿ ಏಟಿಗೆ ಎದೆಯೊಡ್ಡಿದವರನ್ನು ಹೀಗೆ ಕಟ್ಟಿಹಾಕುವುದು ಅವನಿಗೆ ಸರಿಬರಲಿಲ್ಲ. "ಸ್ವಲ್ಪ ಸುಧಾರಿಸ್ಕೋರಿ ರಾಯರ" ಎಂದು ಗೊಣಗಿದ. ಐವತ್ತೆಂಟು ವರ್ಷದವನು, ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನ ಗೋದಾಮೊಂದರಲ್ಲಿ ಲಾರಿಗಳ ವೇಳಾಪಟ್ಟಿ ನೋಡಿಕೊಳ್ಳುವವನು, ಭಾನುವಾರ ಬೆಳಗ್ಗೆ ಏಳು ಗಂಟೆಗೆ ಮೂರ್ತಿಯ ಜೊತೆ ಮಾತಾಡುತ್ತಿದ್ದೇನೆ ಎಂದು ಹೊಳೆದು, ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದ. ಆಮೇಲೆ ಶರ್ಟಿನ ಜೇಬು ಮುಟ್ಟಿಕೊಂಡ. ಮಡಚಿಟ್ಟ ಮೂರು ಹಾಳೆಗಳು ಅಲ್ಲೇ ಇದ್ದವು.

ಮೂರ್ತಿ ಮಾಡಿದ ಸಂಗನಬಸಪ್ಪ ಕಾರು ಕಂಪನಿಯೊಂದರಲ್ಲಿ ಹೊಸ ಕಾರುಗಳ ಮಾದರಿಯನ್ನು ಜೇಡಿಮಣ್ಣಿನಲ್ಲಿ ತಿದ್ದುವವನು. ಮೂವತ್ತು ವರ್ಷ ಬಾನೆಟ್ಟು ಬಂಪರು ಸವರಿದ ಕೈ. ಅದರ ಗುಣ ಎಲ್ಲಿ ಹೋದೀತು? ರಾಯರ ಗದ್ದ ಪಿಕಪ್ ಟ್ರಕ್ಕಿನ ಮೂತಿಯ ಹಾಗೆ ಬಂದಿತ್ತು, ಮೀಸೆ ಎಂಥ ಬಿರುಗಾಳಿಗೂ ಅಲುಗದಂತೆ ಹಿಂದಕ್ಕೆ ಜಾರಿತ್ತು. "ಎಲ್ಲಾ ಬರೋಬರಿ ಬಂದೈತ್ರಿ, ಕಣ್ಣ ಒಂದು ನನಗ ಬಗೀಹರೀಲಿಲ್ಲ" ಎಂದು ಸಂಗನಬಸಪ್ಪ ನಿನ್ನೆ ಸಂಜೆ ಚಹಾ ಕೊಡುತ್ತ ಹೇಳಿದ್ದ. "ಯಾವ ಫೋಟೋ ನೋಡಿದ್ರೂ ಕನ್ನಡಕದ ಮ್ಯಾಲೆ ಬೆಳಕ ಬಿದ್ದೈತಿ. ಒಳಗ ಹೆಂಗ ನೋಡ್ತಿದ್ರೋ ಏನೋ. ಕಡೀಕ ಕನ್ನಡಕ ಕೂಡ್ರಿಸಿ ಕೈ ತೊಳಕೊಂಡೆ. ನೀವು ಅವರ ಊರಾಗಿನವರು, ನಿಮಗ ಗೊತ್ತಿರಬೇಕಲ್ರಿ?" ಪದ್ಮನಾಭ ಚಹಾದ ಲೋಟದೊಳಗೆ ನೋಡುತ್ತ, ನಾನು ಹುಟ್ಟೂದ್ರಾಗ ಅವರು ತೀರಿಕೊಂಡಿದ್ರು ಎಂದಿದ್ದ. ಅದು ನಿಜವೂ ಆಗಿತ್ತು. ಈ ಒಂದು ತಿಂಗಳಿನಿಂದ ಅವನು ಹೇಳುತ್ತಿದ್ದುದೆಲ್ಲ ನಿಜವೇ. ನಿಜವಾದದ್ದನ್ನೇ ಆರಿಸಿ ಆರಿಸಿ ಹೇಳುವುದರಲ್ಲಿ ಅವನಿಗೆ ಸಾಕುಸಾಕಾಗಿತ್ತು.

ಹೆದ್ದಾರಿ ಸೇರಿದ ಮೇಲೆ ಅವನು ತನ್ನ ಭಾಷಣದ ಮೊದಲ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡ. ಏಳು ನಿಮಿಷದ ಭಾಷಣ. ಕನ್ನಡ ಕೂಟಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು, ಇಪ್ಪತ್ತೆರಡು ವರ್ಷವೂ ಅವನ ಕೆಲಸ ಪಾರ್ಕಿಂಗ್. ಯುಗಾದಿಗೆ, ರಾಜ್ಯೋತ್ಸವಕ್ಕೆ, ದೀಪಾವಳಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಚಳಿಯಲ್ಲಿ ನಿಂತು, ಒಳಗಿನಿಂದ ತೇಲಿಬರುವ ನಾಡಗೀತೆಗೆ ಕಾರುಗಳ ನಡುವೆ ತಾನೊಬ್ಬನೇ ಅಟೆನ್ಷನ್ನಿನಲ್ಲಿ ನಿಲ್ಲುತ್ತಿದ್ದ. ಪ್ರತಿವರ್ಷದ ಸ್ಮರಣ ಸಂಚಿಕೆಯ ಕೊನೆಯಲ್ಲಿ ವಂದನೆಗಳ ಪಟ್ಟಿಯಲ್ಲಿ 'ಪದ್ಮನಾಭ (ಪಾರ್ಕಿಂಗ್)' ಎಂದಿರುತ್ತಿತ್ತು. ಅಡ್ಡಹೆಸರೇ ಅದು ಎಂದು ಕೆಲವು ಮಕ್ಕಳು ನಂಬಿದ್ದರು. ಈ ವರ್ಷ ತೊರಗಲ್ಲರ ನೂರಿಪ್ಪತ್ತೈದನೇ ಜಯಂತಿ ಬಂತು. ಅವರ ಊರಾದ ಹಿರೇಹೊಂಡದವನು ಕೂಟದಲ್ಲಿ ಇವನೊಬ್ಬನೇ ಎಂದು ಯಾರಿಗೋ ನೆನಪಾಯಿತು. ಅಧ್ಯಕ್ಷೆ ಐಶ್ವರ್ಯ ಹೃದಯದ ಡಾಕ್ಟರು, ಎಲ್ಲರ ಹತ್ತಿರವೂ ರಿಪೋರ್ಟ್ ಓದುವ ಧಾಟಿಯಲ್ಲೇ ಮಾತಾಡುವವಳು. "ಸಂಚಿಕೆಗೆ ಅವರ ಬರಹ ನೀವೇ ಸೆಲೆಕ್ಟ್ ಮಾಡಿ. ಮೂರ್ತಿ ಕೂಡ ನೀವೇ ತಂದ್ಬಿಡಿ. ಸ್ಟೇಜ್ ಮೇಲೆ ಏಳು ನಿಮಿಷ ಕೊಡ್ತೀನಿ, ಎಂಟನೇ ನಿಮಿಷಕ್ಕೆ ಮೈಕ್ ಆಫ್" ಎಂದಿದ್ದಳು. ಆ ದಿನ ಮನೆಗೆ ಬಂದವನು ಬಾತ್‌ರೂಮಿನ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ.

ಆ್ಯನ್ ಆರ್ಬರ್‌ನಲ್ಲಿ ಮಗಳು ತನಿಷಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಕಾಯುತ್ತ ಕೂತಿದ್ದಳು. ಮುಂದಿನ ಬಾಗಿಲು ತೆಗೆದವಳು ಕಂಬಳಿಯ ಮುಖವನ್ನು ಒಂದು ಕ್ಷಣ ನೋಡಿ, "ಅಪ್ಪಾ, ಸೀರಿಯಸ್‌ಲಿ? ನಾನು ಬ್ಯಾಕ್ ಸೀಟಾ?" ಎಂದಳು.

"ಅವರು ನಿನಗಿಂತ ಹಿರಿಯರವ್ವಾ."

"ಹೀ ಈಸ್ ಫೈಬರ್‌ಗ್ಲಾಸ್" ಎಂದು ಹಿಂದೆ ಹೋಗಿ ಕೂತಳು. ಅವಳ ಮೊಣಕಾಲು ಅವನ ಸೀಟಿನ ಬೆನ್ನಿಗೆ ಒತ್ತುತ್ತಿತ್ತು. ಬೋಲಿಂಗ್‌ಬ್ರೂಕಿನ ಕನ್ನಡ ಶಾಲೆಯಲ್ಲಿ ಅವನು ಪಾಠ ಹೇಳಿದ ಹನ್ನೊಂದು ಮಕ್ಕಳಲ್ಲಿ ಒತ್ತಕ್ಷರಗಳನ್ನು ತಡವರಿಸದೆ ಓದಬಲ್ಲವಳು ಇವಳೊಬ್ಬಳೇ. ಉಳಿದವರು ಅಕ್ಷರ ಕಲಿತು ಶಾಲೆ ಬಿಟ್ಟರು, ಇವಳು ಬಿಡಲಿಲ್ಲ. ಅದರ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯಿತ್ತೆಂದರೆ, ಅದರಿಂದ ಎಂದಾದರೂ ತನಗೇ ತೊಂದರೆಯಾದೀತು ಎಂದು ಎಣಿಸಿರಲಿಲ್ಲ. ಸಂಚಿಕೆಯ ಬರಹಗಳಿಗೆ ಇಂಗ್ಲಿಷಿನಲ್ಲಿ ಸಾರಾಂಶ ಬರೆದವಳೂ ಅವಳೇ, ಹಾಗಾಗಿ ಅಚ್ಚಾದ ಪ್ರತಿಯೊಂದು ಅಂಚೆಯಲ್ಲಿ ಅವಳಿಗೂ ಬಂದಿತ್ತು. ಈಗ ಅದನ್ನು ತೊಡೆಯ ಮೇಲೆ ಬಿಡಿಸಿಕೊಂಡಳು. ಜ್ಯಾಕ್ಸನ್ ಊರಿನ ಎಕ್ಸಿಟ್ ದಾಟುವ ತನಕ ಹಾಳೆ ಮಗುಚುವ ಸಪ್ಪಳ ಬರುತ್ತಿತ್ತು, ಆಮೇಲೆ ನಿಂತುಹೋಯಿತು.

"ಅಪ್ಪಾ, ಟೂ ಇಲೆವೆನ್ ಆದ್ಮೇಲೆ ಡೈರೆಕ್ಟ್ ಟೂ ಫಿಫ್ಟೀನ್ ಇದೆ."

"ಏನು?"

"ಪೇಜ್ ನಂಬರ್. ನೀವು ಹಳೇ ಬುಕ್ ಇದ್ದ ಹಾಗೇ ಸ್ಕ್ಯಾನ್ ಮಾಡಿದೀರಲ್ಲ. ಇನ್ನೂರ ಹನ್ನೊಂದು, ಇನ್ನೂರ ಹದಿನೈದು. ಮಧ್ಯ ಮೂರು ಪೇಜ್ ಇಲ್ಲ."

"ಪ್ರಿಂಟಿಂಗ್ ಮಿಸ್ಟೇಕ್" ಎಂದು ಪದ್ಮನಾಭನ ಬಾಯಿಂದ ಬಂತು. ಯೋಚಿಸುವುದಕ್ಕೆ ಮೊದಲೇ ಬಂತು, ಸಲೀಸಾಗಿ ಬಂತು. ಆರಿಸಿ ಹೇಳಿದ ನಿಜಗಳ ಸಾಲಿನಲ್ಲಿ ಇದು ಮೊದಲನೆಯ ಶುದ್ಧ ಸುಳ್ಳು. "ಓಕೆ" ಎಂದಳು ತನಿಷಾ. ಅವಳು ವಾದ ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅವಳು ಕಿಟಕಿಯ ಹೊರಗಿನ ಜೋಳದ ಹೊಲ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಹಲ್ಲಿನ ಡಾಕ್ಟರ ಹತ್ತಿರ ನೋವಾಗೂದಿಲ್ಲ ಎಂದು ಕರೆದೊಯ್ದು ಹೊರಗೆ ಬರುವಾಗ ನೋಡಿದ್ದ ಹಾಗೆಯೇ.

ಆ ಮೂರು ಪುಟ ಅವನಿಗೆ ಸಿಕ್ಕಿದ್ದು ಗೋದಾಮಿನ ಆಫೀಸಿನಲ್ಲಿ, ಊಟದ ವಿರಾಮದಲ್ಲಿ. ಅಪ್ಪನ ಕಾಲದ ಸಮಗ್ರ ಬರಹಗಳ ಸಂಪುಟವನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ, ಕಾಲ ಮೇಲೆ ಕಾಲು ಹಾಕಿಕೊಂಡು ಮೊಸರನ್ನ ತಿನ್ನುತ್ತ ಒಂದೊಂದೇ ಪುಟ ಹಾಯಿಸುತ್ತಿದ್ದ. ರಾಯರು ಕೆರೆಯ ನೀರು ಎಲ್ಲ ಜಾತಿಯವರಿಗೂ ತೆರೆಸಿದ ಲೇಖನ, ಅದನ್ನು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಅವನು ಸ್ಟೀಲಿನ ಲೋಟ ಗೆದ್ದಿದ್ದ. ಅದು ಇನ್ನೂರಾ ಹನ್ನೊಂದಕ್ಕೆ ಮುಗಿಯಿತು. ಇನ್ನೂರಾ ಹನ್ನೆರಡರಲ್ಲಿ ಶುರುವಾದದ್ದು ರಾಯರ ವಾರಪತ್ರಿಕೆಯ ಮೂರು ಸಂಪಾದಕೀಯ, ಮೂವತ್ತೊಂಬತ್ತನೇ ಇಸವಿಯವು. ವಿಯೆನ್ನಾದಿಂದ ಓಡಿಬಂದ ಒಬ್ಬ ಯಹೂದಿ ಕಣ್ಣಿನ ಡಾಕ್ಟರನನ್ನು ಹಿರೇಹೊಂಡದ ಪುರಸಭೆ ದವಾಖಾನೆಗೆ ತೆಗೆದುಕೊಂಡಿತ್ತು. ರಾಯರು ಬರೆದಿದ್ದರು: ತಮ್ಮ ದೇಶದವರೇ ಬೇಡವೆಂದು ಹೊರಗಟ್ಟಿದವರನ್ನು ನಾವು ಮನೆಯೊಳಗೆ ಕರೆಯುವುದೇಕೆ? ಅಷ್ಟು ಜನ ಕಾರಣವಿಲ್ಲದೆ ಅಟ್ಟಿಯಾರೆ? ಈ ಕುಲದವನು ಮೊದಲು ಒಂದು ಪೆಟ್ಟಿಗೆ ಹಿಡಿದು ಬರುತ್ತಾನೆ, ಆಮೇಲೆ ಅವನ ನೆಂಟರು ಬರುತ್ತಾರೆ, ಆಮೇಲೆ ಊರು ನಮ್ಮದಾಗಿ ಉಳಿಯುವುದಿಲ್ಲ. ಮೂರನೇ ವಾರದಲ್ಲಿ ವಿಜಯದ ಸುದ್ದಿ ಇತ್ತು. ಪುರಸಭೆ ಠರಾವು ಮಾಡಿತು, ಡಾಕ್ಟರನು ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋದ, ಊರು ಶುದ್ಧವಾಯಿತು. ಪದ್ಮನಾಭ ಮೊಸರನ್ನದ ಡಬ್ಬಿ ಮುಚ್ಚಿದ. ಅವನು ಸಂಪುಟವನ್ನು ಎತ್ತಿ, ಸಾಸಿವೆ ಕಾಳೊಂದು ಬಿದ್ದದ್ದನ್ನು ಒರೆಸಿ, ಮೂರು ಪುಟ ಹಾರಿಸಿ ಇನ್ನೂರಾ ಹದಿನೈದರಿಂದ ಮತ್ತೆ ಶುರುಮಾಡಿದ. ಅಷ್ಟೇ. ಅದಕ್ಕೆ ಹತ್ತು ಸೆಕೆಂಡು ಹಿಡಿದಿರಬಹುದು. ಆಮೇಲೆ ಯಾಕೋ ಆ ಮೂರನ್ನು ಬೇರೆಯಾಗಿ ಜೆರಾಕ್ಸ್ ಮಾಡಿ ಜೇಬಿಗೆ ಹಾಕಿಕೊಂಡ. ಅಂದಿನಿಂದ ಶರ್ಟು ಬದಲಾದರೂ ಹಾಳೆಗಳು ಜೇಬಿನಿಂದ ಜೇಬಿಗೆ ಬರುತ್ತಲೇ ಇದ್ದವು.

ಎರಡು ವರ್ಷದ ಹಿಂದೆ ಅವರ ಬಡಾವಣೆಯ ಆನ್‌ಲೈನ್ ಪುಟದಲ್ಲಿ ಯಾರೋ ಬರೆದಿದ್ದರು: ಮೊದಲು ಒಂದು ಕುಟುಂಬ ಬರುತ್ತದೆ, ಬಾಗಿಲಲ್ಲಿ ಚಪ್ಪಲಿ, ಗಾಳಿಯಲ್ಲಿ ಮಸಾಲೆ, ಆಮೇಲೆ ಅವರ ನೆಂಟರು, ಆಮೇಲೆ ಇದು ನಮ್ಮ ಬೀದಿಯಾಗಿ ಉಳಿಯುವುದಿಲ್ಲ. ಬರೆದವರ ಮುಖದ ಜಾಗದಲ್ಲಿ ನಗುವ ನಾಯಿಯ ಚಿತ್ರವಿತ್ತು. ಪದ್ಮನಾಭನಿಗೆ ವಾರವಿಡೀ ನಿದ್ದೆ ಹತ್ತಿರಲಿಲ್ಲ. ಚಪ್ಪಲಿಗಳನ್ನು ಗ್ಯಾರೇಜಿಗೆ ಸಾಗಿಸಿದ, ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚಿದ, ಹೆಂಡತಿ ಮಾಳವಿಕಾ ಹೊಗೆಗೆ ಕೆಮ್ಮಿ ಅವನನ್ನು ಬಯ್ದಳು. ಇಡೀ ಬೀದಿಯಲ್ಲಿ ಒಬ್ಬರೂ ಇದು ತಪ್ಪು ಅನ್ನಲಿಲ್ಲವಲ್ಲ ಎಂದು ಅವನು ಕೂಟದಲ್ಲಿ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಅತ್ತಿದ್ದ, ಅಕ್ಷರಶಃ ಕಣ್ಣಲ್ಲಿ ನೀರು ತಂದುಕೊಂಡು, ಪಾರ್ಕಿಂಗ್ ಲಾಟಿನಲ್ಲಿ. ಆ ನಾಯಿ ಇಂಗ್ಲಿಷಿನಲ್ಲಿ ಬರೆದದ್ದನ್ನು ರಾಯರು ಎಂಬತ್ತು ವರ್ಷ ಮೊದಲೇ ಒಳ್ಳೆಯ ಕನ್ನಡದಲ್ಲಿ ಬರೆದಿದ್ದರು. ಎಷ್ಟು ಒಳ್ಳೆಯ ಕನ್ನಡ ಎಂದು ಓದುವಾಗ ಅವನ ಮನಸ್ಸಿನ ಒಂದು ಮೂಲೆ ತಲೆದೂಗಿತ್ತು, ಅದಕ್ಕೆ ಅವನಿಗೆ ಈಗಲೂ ನಾಚಿಕೆ.

ಕಲಮಜೂ ದಾಟಿದ ಮೇಲೆ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದ. ತನಿಷಾ ಒಳಗೆ ಹೋದಳು. ಪದ್ಮನಾಭ ಕಸದ ಡಬ್ಬಿಯ ಹತ್ತಿರ ಹೋಗಿ ಜೇಬಿನಿಂದ ಹಾಳೆ ತೆಗೆದ. ಡಬ್ಬಿಗೆ ಒಂದು ಜೋಲು ಬಾಗಿಲಿತ್ತು. ಬೆರಳಿನಿಂದ ತಳ್ಳಿದರೆ ಒಳಗಿನಿಂದ ಬಾಳೆಹಣ್ಣಿನ ಸಿಪ್ಪೆಯ ವಾಸನೆ ಬಂತು. ರಾಯರ ಮಾತು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬೀಳುವುದೇ ಎಂದು ಒಂದು ಮನಸ್ಸು, ಇದು ಹೋಗಬೇಕಾದ ಜಾಗವೇ ಇದು ಎಂದು ಇನ್ನೊಂದು. ಇಲ್ಲಿ ಎಸೆದರೆ ಏಳು ನಿಮಿಷ ಉಳಿಯುತ್ತದೆ, ಮಗಳು ಏನೂ ತಿಳಿಯದೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಅವನ ಹಿಂದೆ ಒಬ್ಬ ಲಾರಿ ಡ್ರೈವರ್ ಖಾಲಿ ಕಾಫಿ ಲೋಟ ಹಿಡಿದು ಕಾಯುತ್ತ ನಿಂತಿದ್ದ. ಪದ್ಮನಾಭ ಸಾರಿ ಎಂದು ಅವನಿಗೆ ದಾರಿ ಬಿಟ್ಟ, ಅವನು ಲೋಟ ಎಸೆದು ಹೋದ, ಪದ್ಮನಾಭ ಹಾಳೆಗಳನ್ನು ಮತ್ತೆ ಮಡಚಿದ. ತಲೆಯೆತ್ತಿದರೆ ತನಿಷಾ ಕಾರಿಗೆ ಒರಗಿಕೊಂಡು ಅವನನ್ನೇ ನೋಡುತ್ತಿದ್ದಳು. ಒಂದು ಚಿಪ್ಸ್ ಪೊಟ್ಟಣ ಚಾಚಿದಳು.

ಹೊರಟ ಮೇಲೆ ಅವನು ಮುತ್ತಜ್ಜಿಯ ವಿಷಯ ತೆಗೆದ. ಯಾಕೆ ತೆಗೆದೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ, ಅಥವಾ ತಿಳಿದಿತ್ತು. "ನಮ್ಮ ಮುತ್ತಜ್ಜಿ ಅನುಸೂಯಮ್ಮ ಅಂತ ಇದ್ಲು. ತೊಂಬತ್ನಾಕು ವರ್ಷ ಬದುಕಿದ್ಲು. ಆಕಿಗೆ ಒಂದು ಕಣ್ಣು ಅಷ್ಟ ಕಾಣಸ್ತಿತ್ತು. ಬಲಗಣ್ಣು. ನಾವೆಲ್ಲಾ ಹುಡುಗರು ಆಕಿ ಬಲಕ್ಕ ಕೂಡಬೇಕು, ಎಡಕ್ಕ ಕೂತ್ರ ಬೈತಿದ್ಲು."

"ಯಾಕೆ, ಕ್ಯಾಟರಾಕ್ಟಾ?"

"ಎರಡೂ ಕಣ್ಣಿಗೆ ಪೊರಿ ಬಂದಿತ್ತಂತ. ಊರಾಗ ಒಬ್ಬ ಬಿಳಿ ಡಾಕ್ಟರ ಬಂದಿದ್ದ, ಬಲಗಣ್ಣಿನ ಪೊರಿ ತಗದ. ಎಡದ್ದು ಎರಡು ತಿಂಗಳ ಬಿಟ್ಟು ತಗೀತೀನಿ ಬಾರವ್ವಾ ಅಂದಿದ್ದ. ಆಕಿ ಹೋಗೂದ್ರಾಗ ಆಂವ ಇರಲಿಲ್ಲ."

"ವೇರ್ ಡಿಡ್ ಹೀ ಗೋ?"

"ಓಡಿ ಹೋದ ಅಂತಿದ್ರು" ಎಂದು ಪದ್ಮನಾಭ ಹೇಳಿದ. ಮುತ್ತಜ್ಜಿ ಹಾಗೆ ಅನ್ನುತ್ತಿರಲಿಲ್ಲ, ಮನೆಯ ಉಳಿದವರು ಅನ್ನುತ್ತಿದ್ದರು. ಮುತ್ತಜ್ಜಿ ಅನ್ನುತ್ತಿದ್ದುದು, ಆಂವ ಹೇಳದ ಹೋಗೂ ಮನಷ್ಯಾ ಅಲ್ಲ, ಅವನ ಕೈ ಬೆಚ್ಚಗಿತ್ತು, ಎಂದು. ದೇವರ ಕೋಣೆಯಲ್ಲಿ ವೆಂಕಪ್ಪನ ಪಟಕ್ಕೂ ರಾಘವೇಂದ್ರರ ಪಟಕ್ಕೂ ನಡುವೆ ತೊರಗಲ್ಲ ರಾಯರ ಪಟವಿತ್ತು. ಪ್ರತಿದಿನ ಬೆಳಗ್ಗೆ ಅದರ ಮುಂದೆ ನಿಂತು ಆಕೆ ಕತ್ತನ್ನು ಎಡಕ್ಕೆ ತಿರುಗಿಸಿ, ಬಲಗಣ್ಣಿಗೆ ಪಟ ಎದುರಾಗುವ ಹಾಗೆ ಮಾಡಿಕೊಂಡು, ಕೈ ಮುಗಿಯುತ್ತಿದ್ದಳು. ಮೂರು ಪುಟಗಳನ್ನು ಓದುವಾಗ ಪದ್ಮನಾಭನಿಗೆ ಮೊದಲು ಕಂಡದ್ದು ಆ ತಿರುಗಿದ ಕತ್ತು. ಅದನ್ನು ಕಂಡ ಮೇಲೂ ಅವನು ಆ ಪುಟಗಳನ್ನು ಹಾರಿಸಿದ್ದ.

ಇಂಡಿಯಾನಾ ಗಡಿಯಲ್ಲಿ ಗಡಿಯಾರ ಹಿಂದಕ್ಕೆ ಸರಿದು ಒಂದು ಗಂಟೆ ಪುಕ್ಕಟೆ ಸಿಕ್ಕಿತು, ಶಿಕಾಗೋ ಟ್ರಾಫಿಕ್ಕಿನಲ್ಲಿ ಅದೇ ಒಂದು ಗಂಟೆ ಹೋಯಿತು. ಕೂಟದ ಕಾರ್ಯಕ್ರಮ ಪ್ರತಿಸಲದಂತೆ ಲೊಂಬಾರ್ಡಿನ ಶಾಲೆಯೊಂದರಲ್ಲಿ ನಡೆಯಬೇಕಿತ್ತು. ಅಲ್ಲಿ ಪೈಪು ಒಡೆದು ಸಭಾಂಗಣದಲ್ಲಿ ಮೊಣಕಾಲುದ್ದ ನೀರು ನಿಂತಿತು. ಹದಿನೈದು ದಿನ ಉಳಿದಿರುವಾಗ ಹಾಲ್ ಕೊಟ್ಟವರು ಸ್ಕೋಕಿಯ ಯಹೂದಿಗಳು, ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಊಟದ ಸಭಾಂಗಣವನ್ನು. ಬೇರೆ ಯಾರೂ ಕೊಡಲಿಲ್ಲ. ಈ ಸುದ್ದಿ ವಾಟ್ಸ್ಯಾಪಿನಲ್ಲಿ ಬಂದಾಗ ಪದ್ಮನಾಭ ಲಾರಿಗಳ ಪಟ್ಟಿಯ ಮುಂದೆ ಕೂತು ಒಬ್ಬನೇ ನಕ್ಕುಬಿಟ್ಟಿದ್ದ; ಪಕ್ಕದ ಮೇಜಿನವನು ಆರ್ ಯೂ ಓಕೆ ಎಂದು ಕೇಳಿದ್ದ. ಶನಿವಾರ ಆಗುವುದಿಲ್ಲ, ಭಾನುವಾರ ಮಾಡಿ ಎಂದು ಸಿನಗಾಗಿನವರು ಹೇಳಿದಾಗ ಕೂಟದ ಹಿರಿಯರು ರಾಹುಕಾಲದಂಥದ್ದೇನೋ ಇರಬೇಕೆಂದು ಮರುಮಾತಾಡದೆ ಒಪ್ಪಿದ್ದರು. ಅಡಿಗೆಮನೆಗೂ ನಿಯಮಗಳಿದ್ದವು. ಹಾಲಿನ ಅಡಿಗೆಗೆ ನೀಲಿ ಪಟ್ಟಿಯ ಪಾತ್ರೆ, ಮಾಂಸದ್ದಕ್ಕೆ ಕೆಂಪು, ಒಂದರ ಸೌಟು ಇನ್ನೊಂದಕ್ಕೆ ತಗುಲಬಾರದು. ಮಡಿಯಲ್ಲಿ ಬೆಳೆದ ಮಾಳವಿಕಾಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪದ್ಮನಾಭ ಮೂರ್ತಿಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಬಂದಾಗ, ಅವಳೂ ಸಿನಗಾಗಿನ ಮೇಲ್ವಿಚಾರಕಿ ಮಿಸೆಸ್ ಪರ್ಲ್‌ಮನ್ನಳೂ ಅಕ್ಕಪಕ್ಕ ನಿಂತು, ಕೆಂಪು ಡ್ರಾಯರಿಗೆ ಕೈಹಾಕಿದ ಒಬ್ಬ ಇಂಜಿನಿಯರನನ್ನು ಒಂದೇ ರೀತಿ ದುರುಗುಟ್ಟಿ ನೋಡುತ್ತಿದ್ದರು.

ತೊಂದರೆ ಶುರುವಾದದ್ದು ವೇದಿಕೆಯ ಹತ್ತಿರ. ಐಶ್ವರ್ಯಳ ತಂಡದವರು ಮೇಜಿಗೆ ರೇಷ್ಮೆ ಹೊದಿಸಿ, ದೀಪ, ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ತಾಮ್ರದ ತಟ್ಟೆಯಲ್ಲಿ ತೆಂಗಿನಕಾಯಿ ಎಲ್ಲ ಜೋಡಿಸಿದ್ದರು. ನಾಯಕರ ಪುತ್ಥಳಿ ಎಂದರೆ ಇಷ್ಟಿರಲೇಬೇಕು, ಇದರಲ್ಲಿ ಯಾರಿಗೂ ಎರಡನೇ ಯೋಚನೆ ಬಂದಿರಲಿಲ್ಲ. ಎಂಬತ್ತರ ಹತ್ತಿರದ ಮಿಸೆಸ್ ಪರ್ಲ್‌ಮನ್ ಕುತ್ತಿಗೆಯ ಸರಪಳಿಯಲ್ಲಿದ್ದ ಕನ್ನಡಕ ಏರಿಸಿಕೊಂಡು ಮೇಜಿನ ಸುತ್ತ ಒಂದು ಸುತ್ತು ಬಂದಳು.

"ಇದು ನಿಮ್ಮ ದೇವರೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ಪಾತ್ರೆ ಯಾವ ಬಣ್ಣದ್ದು ಎಂದು ಕೇಳಿದ ಹಾಗಿತ್ತು. "ನಮ್ಮಲ್ಲಿ ಪೂಜೆಯ ಮೂರ್ತಿಗಳನ್ನು ಕಟ್ಟಡದೊಳಗೆ ತರುವ ಹಾಗಿಲ್ಲ."

"ನೋ, ನೋ. ನ್ಯಾಷನಲ್ ಹೀರೋ" ಎಂದಳು ಐಶ್ವರ್ಯ.

"ಹಾಗಾದರೆ ಈ ದೀಪ?"

"ರೆಸ್ಪೆಕ್ಟ್."

"ಹೂವು?"

"ರೆಸ್ಪೆಕ್ಟ್."

"ಈ ತೆಂಗಿನಕಾಯಿ?"

ಐಶ್ವರ್ಯ ತೆಂಗಿನಕಾಯಿಯನ್ನು ಮೊದಲ ಸಲ ಕಂಡವಳಂತೆ ನೋಡಿ, "ಲಂಚ್" ಎಂದಳು.

ಮಿಸೆಸ್ ಪರ್ಲ್‌ಮನ್ ಒಂದು ಹಾಳೆ ತಂದಳು. ಒಳಗೆ ತಂದಿರುವ ಮೂರ್ತಿ ದೇವರಲ್ಲ, ಅದಕ್ಕೆ ಇಲ್ಲಿ ಪೂಜೆ ನಡೆಯುವುದಿಲ್ಲ ಎಂದು ಎರಡು ಸಾಲು, ಕೆಳಗೆ ಸಹಿಗೆ ಗೀಟು. ಆ ವ್ಯಕ್ತಿಯನ್ನು ಚೆನ್ನಾಗಿ ಬಲ್ಲವರು ಸಹಿ ಮಾಡಿದರೆ ಸಾಕು ಎಂದಳು. ಇನ್ನೊಬ್ಬರು ಸಹಿ ಮಾಡಬಹುದಾದಲ್ಲಿ ತಾನು ಮಾಡದಿರುವುದು ಐಶ್ವರ್ಯಳ ವೃತ್ತಿಯ ಅಭ್ಯಾಸ. "ಪದ್ಮನಾಭ ಅವರು ಮಾಡ್ತಾರೆ, ಅವರದೇ ಊರು" ಎಂದು ಹೇಳಿ ಮೈಕ್ ಪರೀಕ್ಷೆಗೆ ಹೋದಳು. ಹೀಗೆ ಪೆನ್ನು ಪದ್ಮನಾಭನ ಕೈಗೆ ಬಂತು. ಈ ಮೂರ್ತಿ ದೇವರಲ್ಲ. ವೆಂಕಪ್ಪನಿಗೂ ರಾಘವೇಂದ್ರರಿಗೂ ನಡುವೆ ಇದ್ದವರು. ಐವತ್ತೆಂಟು ವರ್ಷದಲ್ಲಿ ಈ ಮಾತನ್ನು ಅವನು ಎಲ್ಲಿಯೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಸಹಿ ಮಾಡಿದ, ಗೋದಾಮಿನ ರಸೀದಿಗಳಿಗೆ ಮಾಡುವ ಗಡಿಬಿಡಿಯ ಸಹಿಯಲ್ಲ, ಪಾಸ್‌ಪೋರ್ಟಿಗೆ ಮಾಡುವ ಪೂರ್ತಿ ಸಹಿ.

ಹಾಳೆ ತೆಗೆದುಕೊಳ್ಳುತ್ತ ಮಿಸೆಸ್ ಪರ್ಲ್‌ಮನ್ ಸುಮ್ಮನೆ, ಮಾತಿಗೆ ಮಾತು ಎಂಬಂತೆ ಕೇಳಿದಳು: "ದೇವರಲ್ಲ, ಸರಿ. ಮನುಷ್ಯನಾಗಿ ಹೇಗಿದ್ದ? ಒಳ್ಳೆಯವನೇ?"

ಹೌದು ಎಂದರೆ ಮುಗಿಯುತ್ತಿತ್ತು. ಬಹಳ ಮಟ್ಟಿಗೆ ಅದು ನಿಜವೂ ಆಗಿತ್ತು. ಹಿಂದೆ ತನಿಷಾ ಹಾರದ ಗಂಟು ಬಿಡಿಸುತ್ತ ನಿಂತಿದ್ದಳು. ಪದ್ಮನಾಭನ ಕೈ ತಾನಾಗಿ ಜೇಬಿಗೆ ಹೋಯಿತು, ತಿಂಗಳಿನಿಂದ ದಿನಕ್ಕೆ ಹತ್ತು ಸಲ ಹೋಗುತ್ತಿದ್ದ ಹಾಗೆ. ಈ ಸಲ ಖಾಲಿಯಾಗಿ ವಾಪಸು ಬರಲಿಲ್ಲ. ಮೆತ್ತಗಾಗಿದ್ದ ಹಾಳೆಗಳನ್ನು ತಾಮ್ರದ ತಟ್ಟೆಯ ಪಕ್ಕದಲ್ಲಿ ಬಿಡಿಸಿ, ಅವನು ಇಂಗ್ಲಿಷಿಗೆ ತಿರುಗಿಸಿ ಓದತೊಡಗಿದ. ಎರಡನೇ ವಾಕ್ಯಕ್ಕೇ ಮಾತು ಸಿಗಲಿಲ್ಲ. ತನಿಷಾ ಅವನ ಭುಜದ ಮೇಲಿನಿಂದ ಬಗ್ಗಿ, ಅವನು ತಡೆದಲ್ಲೆಲ್ಲ ಶಬ್ದ ಹುಡುಕಿ ಕೊಟ್ಟಳು. ಹೊರಗಟ್ಟಿದವರು. ಕುಲ. ಶುದ್ಧ. ಅವನೇ ಕಲಿಸಿದ ಒತ್ತಕ್ಷರಗಳು. ಊರು ನಮ್ಮದಾಗಿ ಉಳಿಯುವುದಿಲ್ಲ ಎನ್ನುವಲ್ಲಿ ಅವಳ ದನಿ ಸಣ್ಣಗಾಯಿತು. ಟಾಂಗಾಕ್ಕೆ ಇಂಗ್ಲಿಷಿನಲ್ಲಿ ಏನೆಂದು ಇಬ್ಬರಿಗೂ ಹೊಳೆಯಲಿಲ್ಲ, ಕುದುರೆ ಗಾಡಿ ಎಂದು ಕೈಯಲ್ಲಿ ಲಗಾಮು ಹಿಡಿದು ತೋರಿಸಿದ. ಮುಗಿದ ಮೇಲೆ ಮುತ್ತಜ್ಜಿಯ ಬಲಗಣ್ಣನ್ನೂ ಹೇಳಿದ, ಯಾರೂ ಕೇಳದಿದ್ದರೂ.

"ಸೋ, ನಾಟ್ ಅ ಪ್ರಿಂಟಿಂಗ್ ಮಿಸ್ಟೇಕ್" ಎಂದಳು ತನಿಷಾ.

"ಅಲ್ಲವ್ವಾ. ನಾನ ತಗದೆ."

ಮಿಸೆಸ್ ಪರ್ಲ್‌ಮನ್ ಹಾಳೆಗಳ ಮೇಲೆ, ತನಗೆ ಓದಲು ಬಾರದ ಅಕ್ಷರಗಳ ಮೇಲೆ, ಬೆರಳಾಡಿಸುತ್ತ ಇದ್ದಳು. "ಡಾಕ್ಟರನ ಹೆಸರೇನು?"

"ಬರೆದಿಲ್ಲ. ಮೂರೂ ಪುಟದಾಗ ಇಲ್ಲ. ನಮ್ಮ ಮುತ್ತಜ್ಜಿಗೂ ಗೊತ್ತಿರಲಿಲ್ಲ" ಎಂದ ಪದ್ಮನಾಭ, ಕನ್ನಡದಲ್ಲೇ. ತನಿಷಾ ತಿರುಗಿಸಿ ಹೇಳಿದಳು.

"ಮತ್ತೆ ಆಕೆಯ ಎಡಗಣ್ಣು?"

"ಹಂಗ ಉಳೀತು."

ಮುದುಕಿ ಅಳುತ್ತಾಳೆಯೋ, ಸಭಾಂಗಣಕ್ಕೆ ಬೀಗ ಹಾಕುತ್ತಾಳೆಯೋ, ಮುನ್ನೂರು ಜನರ ಬಿಸಿಬೇಳೆ ಬಾತಿನ ಗತಿಯೇನು ಎಂದೆಲ್ಲ ಪದ್ಮನಾಭನ ತಲೆ ಓಡಿತು. ಅವಳು ಸಹಿಯಾದ ಹಾಳೆಯನ್ನು ಫೈಲಿನಲ್ಲಿಟ್ಟು ಗುಂಡಿ ಒತ್ತಿದಳು. "ದೇವರಲ್ಲ ಎಂಬುದು ಖಾತ್ರಿಯಾಯಿತು" ಎಂದಳು. "ಮೂರ್ತಿ ಇರಲಿ. ತೆಂಗಿನಕಾಯಿ ಅಡಿಗೆಮನೆಗೆ ಹೋಗಲಿ." ಎರಡು ಹೆಜ್ಜೆ ಹೋದವಳು ತಿರುಗಿದಳು. "ಇದನ್ನು ನನಗೆ ಹೇಳಿದ್ದು ಸರಿ. ಆದರೆ ನನಗೆ ಈ ಮೂರ್ತಿಯ ಮನುಷ್ಯನ ಹೆಸರು ಉಚ್ಚರಿಸಲೂ ಬರುವುದಿಲ್ಲ. ಆತನ ಹೆಸರು ಬರುವವರು ಇನ್ನು ಸ್ವಲ್ಪ ಹೊತ್ತಿಗೆ ಈ ಕುರ್ಚಿಗಳ ಮೇಲೆ ಕೂರುತ್ತಾರೆ, ಅಲ್ಲವೇ?"

ಐಶ್ವರ್ಯಳಿಗೆ ವಿಷಯ ತಿಳಿಯಲು ಐದು ನಿಮಿಷ ಸಾಕಾಯಿತು. ಅವಳು ಪದ್ಮನಾಭನನ್ನು ಮಡಚಿಟ್ಟ ಕುರ್ಚಿಗಳ ಮರೆಗೆ ಕರೆದಳು. ಸಿಟ್ಟಿರಲಿಲ್ಲ, ರಿಪೋರ್ಟಿನ ಧಾಟಿ. "ನೀವು ಹೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಮುಂದಿನ ವರ್ಷ ಝೂಮ್‌ನಲ್ಲಿ ಒಂದು ಚರ್ಚೆ ಇಟ್ಕೊಳ್ಳೋಣ, ಇಂಟರೆಸ್ಟ್ ಇರೋರು ಬರ್ತಾರೆ. ಇವತ್ತು ಫ್ಯಾಮಿಲಿ ಪ್ರೋಗ್ರಾಂ. ಜೈಲಿನ ಕಥೆ ಹೇಳಿ, ಮಕ್ಕಳಿಗೆ ಇಷ್ಟ ಆಗತ್ತೆ. ಓಕೆ?" ಪದ್ಮನಾಭ ತಲೆಯಾಡಿಸಿದ. ಇಪ್ಪತ್ತೆರಡು ವರ್ಷದಿಂದ ಆಡಿಸಿ ಆಡಿಸಿ ಅದು ತಾನೇ ಆಡುತ್ತಿತ್ತು. ಆಮೇಲೆ ಕಿತ್ತಳೆ ಅಂಗಿ ತೊಟ್ಟು ಹೊರಗೆ ಹೋದ, ಯಾಕೆಂದರೆ ಪಾರ್ಕಿಂಗಿಗೆ ಬೇರೆ ಯಾರನ್ನೂ ಹಾಕಿರಲಿಲ್ಲ. ಭಾಷಣಕಾರನೂ ಪಾರ್ಕಿಂಗಿನವನೂ ಒಬ್ಬನೇ ಎಂಬುದು ಸಮಿತಿಗೆ ಹೊಳೆದಿರಲಿಲ್ಲ. ವ್ಯಾನುಗಳನ್ನು ಎಡಕ್ಕೆ, ಸಣ್ಣ ಕಾರುಗಳನ್ನು ಬಲಕ್ಕೆ ಕಳಿಸುತ್ತ ಅವನು ಜೈಲಿನ ಕಥೆಯನ್ನು ನೆನಪಿಸಿಕೊಳ್ಳಲು ನೋಡಿದ. ಒಳ್ಳೆಯ ಕಥೆ. ರಾಯರು ಜೈಲಿನಲ್ಲಿ ತಮ್ಮ ರೊಟ್ಟಿಯನ್ನು ಕಳ್ಳನೊಬ್ಬನ ಜೊತೆ ಹಂಚಿಕೊಂಡದ್ದು. ಅದೂ ನಿಜವೇ, ಪುಟ ನೂರಾ ನಾಲ್ಕು.

ಹೆಸರು ಕೂಗಿದಾಗ ಓಡೋಡಿ ಬಂದು ಮೆಟ್ಟಿಲು ಹತ್ತಿದ. ಸಭೆಯಲ್ಲಿ ನಗು ಎದ್ದಿತು; ಮೈಮೇಲೆ ಕಿತ್ತಳೆ ಅಂಗಿ ಹಾಗೇ ಇತ್ತು. ತೆಗೆಯಲು ಹೋದರೆ ಜಿಪ್ಪು ಸಿಕ್ಕಿಕೊಂಡಿತು, ಬಿಟ್ಟ. ಪಕ್ಕದಲ್ಲಿ ಹಾರ ಹಾಕಿಕೊಂಡ ರಾಯರು ಕನ್ನಡಕದೊಳಗಿಂದ ಎಲ್ಲಿಗೋ ನೋಡುತ್ತಿದ್ದರು. ಬದಿಯಲ್ಲಿ ಐಶ್ವರ್ಯ ಫೋನಿನಲ್ಲಿ ಏಳು ನಿಮಿಷ ಇಟ್ಟುಕೊಂಡು ಮೈಕಿನ ಗುಂಡಿಯ ಹತ್ತಿರ ನಿಂತಿದ್ದಳು. ಹಿಂದೆ ಅಡಿಗೆಮನೆಯ ಬಾಗಿಲಲ್ಲಿ ಮಾಳವಿಕಾ, ಅವಳ ಪಕ್ಕದಲ್ಲಿ ನೀಲಿ ಪಟ್ಟಿಯ ಸೌಟು ಹಿಡಿದ ಮಿಸೆಸ್ ಪರ್ಲ್‌ಮನ್. ಪದ್ಮನಾಭ ಮೊದಲ ಸಾಲಿನಲ್ಲಿ ಮಗಳನ್ನು ಹುಡುಕಿದ. ಅವಳ ಚೀಲ ನಡುವಿನ ಕುರ್ಚಿಯ ಮೇಲಿತ್ತು, ಅವಳಿರಲಿಲ್ಲ. ಆಮೇಲೆ ಕಂಡಳು. ಎದ್ದು ಹೋಗಿ ಅವನ ಬಲಗಡೆಗೆ, ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ ಕೂತಿದ್ದಳು. ಅಲ್ಲಿಂದ ವೇದಿಕೆ ಸರಿಯಾಗಿ ಕಾಣುವುದಿಲ್ಲ, ಕಂಬ ಅಡ್ಡ ಬರುತ್ತದೆ. ಹುಡುಗರು ಮುತ್ತಜ್ಜಿಯ ಬಲಕ್ಕೆ ಕೂರುತ್ತಿದ್ದರು ಎಂದು ಕಾರಿನಲ್ಲಿ ಕೇಳಿದ್ದು ಬಿಟ್ಟರೆ ಅಲ್ಲಿ ಕೂರಲು ಬೇರೆ ಕಾರಣ ಇರಲಾರದು.

ಅವನು ಕತ್ತನ್ನು ಅವಳ ಕಡೆ ತಿರುಗಿಸಿ ಮೈಕಿಗೆ ಬಾಯಿ ಹಚ್ಚಿದ.

"ನಮ್ಮ ಮುತ್ತಜ್ಜಿ ಅನುಸೂಯಮ್ಮಗ ಒಂದು ಕಣ್ಣು ಅಷ್ಟ ಕಾಣಸ್ತಿತ್ತು" ಎಂದ. "ಇನ್ನೊಂದು ಯಾಕ ಕಾಣಸ್ತಿರಲಿಲ್ಲ ಅನ್ನೂದು ನಾ ನಿಮ್ಮ ಸಂಚಿಕಿಯಿಂದ ತಗದ ಇನ್ನೂರಾ ಹನ್ನೆರಡನೇ ಪುಟದಾಗ ಅದ."